ಇಲ್ಲದ ಮರಳಿನ ಹನ್ನೆರಡು ಮೀಟರ್

ಪರದೆಯ ಮೇಲೆ ಬೂದು ಬಣ್ಣಕ್ಕೆ ತಿರುಗಿದ ಹಳೆಯ ಕಾಗದದ ಚಿತ್ರ. ನಡುವೆ ಅಡ್ಡಲಾಗಿ ಒಂದು ಮಡಿಕೆ. ಮಡಿಕೆಗೆ ಸ್ವಲ್ಪ ಮೇಲೆ ಕಪ್ಪು ಗೀಟೊಂದು ಬಲಗಡೆಯ ಅಂಚಿಗೆ ತಾಗಿ ಮಾಯವಾಗಿದೆ. ಇದನ್ನು ನಾನು ಜನವರಿ ಕೊನೆಯ ಒಂದು ಮಧ್ಯಾಹ್ನ ನೋಡಿದ್ದೆ, ನೋಡಿ ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಅಕ್ಕನಿಗೆ ಸರಿಯಾದ ಮಾತನ್ನೇ ಹೇಳಿದ್ದೆ ಎಂಬುದರಲ್ಲಿ ನನಗೆ ಎರಡು ತಿಂಗಳು ಯಾವ ಅನುಮಾನವೂ ಇರಲಿಲ್ಲ. ಆ ಮಾತಿನ ಮೇಲೆ ಅಕ್ಕನ ಕೆಲಸ ನಿಂತಾಗಲೂ ಇರಲಿಲ್ಲ. ಈಗ ಬರೆದಿಡುತ್ತಿದ್ದೇನೆ. ಇನ್ನೊಂದು ವರ್ಷ ಕಳೆದರೆ ಇದನ್ನೂ ನನಗೆ ಅನುಕೂಲವಾಗುವಂತೆ ಎಲ್ಲಾದರೂ ತಿದ್ದಿಕೊಂಡಿರುತ್ತೇನೆ ಎಂಬ ಭಯವಿದೆ.

ನಮ್ಮ ಆಫೀಸು ಸಿಂದಗಿಯಲ್ಲಿ, ಬೀಜ-ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಐದು ಕಂಪ್ಯೂಟರು, ಒಂದು ಉದ್ದನೆಯ ಸ್ಕ್ಯಾನರು, ಇನ್ವರ್ಟರು. ಬೇಸಿಗೆಯಲ್ಲಿ ಕೆಳಗಿನ ಅಂಗಡಿಯ ಔಷಧದ ವಾಸನೆ ಮೆಟ್ಟಿಲು ಹತ್ತಿ ಬಂದು ನಮ್ಮ ಜೊತೆ ಕೂರುತ್ತದೆ. ನಡೆಸುವವರನ್ನು ನಾವು ಸರ್ ಎನ್ನುತ್ತೇವೆ. ಮುದ್ದೇಬಿಹಾಳದ ಕಡೆಯವರು. ಎಣ್ಣೆ ಬಾವಿಗಳ ಮೇಲೆ ಮೂವತ್ತು ವರ್ಷ ದುಡಿದು, ನಿವೃತ್ತರಾಗಿ ಇಲ್ಲಿ ಮನೆ ಕಟ್ಟಿಸಿದವರು. ಬಾವಿ ಕೊರೆದ ಮೇಲೆ ಅದರೊಳಗೆ ಕೇಬಲ್ಲಿನ ತುದಿಗೆ ಉಪಕರಣ ಕಟ್ಟಿ ಇಳಿಸುತ್ತಾರೆ. ಮೇಲೆ ಎಳೆಯುತ್ತ ಬಂದಂತೆ ಯಾವ ಆಳದಲ್ಲಿ ಎಂಥ ಕಲ್ಲಿದೆ ಎಂಬುದನ್ನು ಅದು ಅಳೆಯುತ್ತದೆ. ಹಿಂದೆ ಆ ಅಳತೆಯೆಲ್ಲ ಉದ್ದನೆಯ ಕಾಗದದ ಪಟ್ಟಿಯ ಮೇಲೆ ಗೀಟಾಗಿ ಮೂಡುತ್ತಿತ್ತು. ಅದಕ್ಕೆ ಲಾಗ್ ಎನ್ನುತ್ತಾರೆ. ಹತ್ತಾರು ವರ್ಷ ಕಪಾಟಿನಲ್ಲಿದ್ದ ಆ ಪಟ್ಟಿಗಳಿಂದ ಕಂಪನಿಗಳಿಗೆ ಈಗ ಅಂಕಿಗಳು ಬೇಕು. ಆ ಕೆಲಸ ನಮ್ಮದು.

ಅದಕ್ಕೊಂದು ಸಾಫ್ಟ್‌ವೇರ್ ಇದೆ. ನಮ್ಮ ಬಾಯಲ್ಲಿ ಅದು ಟೂಲು. ಸ್ಕ್ಯಾನ್ ಮಾಡಿದ ಚಿತ್ರ ತೆರೆದು, ಅಂಚುಗಳಲ್ಲಿ ಅಳತೆ ಹೇಳಿಕೊಟ್ಟು, ಗೀಟಿನ ಮೇಲೆ ಒಂದು ಕಡೆ ಒತ್ತಿದರೆ ಟೂಲು ಕಪ್ಪು ಚುಕ್ಕಿಗಳನ್ನು ಹಿಡಿದು ಕೆಳಗೆ ಇಳಿಯುತ್ತ ಹೋಗುತ್ತದೆ. ಬಾವಿಯ ಆಳದ ಪ್ರತಿ ಹದಿನೈದು ಸೆಂಟಿಮೀಟರಿಗೊಂದು ಅಂಕಿ ಬರೆಯುತ್ತದೆ. ಕಾಗದ ಚೆನ್ನಾಗಿದ್ದರೆ ನೋಡಲು ಖುಷಿ. ಆದರೆ ಚೆನ್ನಾಗಿರುವ ಕಾಗದ ನಮ್ಮ ತನಕ ಬರುವುದೇ ಕಡಿಮೆ. ಮಡಿಕೆಯಲ್ಲಿ ಮಸಿ ಹಾರಿರುತ್ತದೆ, ಚಹಾ ಚೆಲ್ಲಿರುತ್ತದೆ, ಯಾರೋ ಪೆನ್ಸಿಲಿನಲ್ಲಿ ಫೋನ್ ನಂಬರು ಬರೆದಿರುತ್ತಾರೆ. ಟೂಲು ಫೋನ್ ನಂಬರಿನ ಗೆರೆಯನ್ನೂ ಕಲ್ಲೆಂದು ತಿಳಿದು ಹತ್ತಿಬಿಡುತ್ತದೆ. ಅದನ್ನು ಹಿಡಿದು ದಾರಿಗೆ ತರಲು ಮನುಷ್ಯರು ಬೇಕು.

ಅಕ್ಕ ಅಂಥ ಕೆಲಸದಲ್ಲಿ ನಮ್ಮೆಲ್ಲರಿಗಿಂತ ಮುಂದೆ. ನನಗಿಂತ ಹತ್ತು ವರ್ಷ ದೊಡ್ಡವರು. ದೇವರ ಹಿಪ್ಪರಗಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಾರೆ. ಓದಿದ್ದು ಪಿಯುಸಿ. ಮೊದಲು ಪಹಣಿ ತೆಗೆದುಕೊಡುವ ಕೌಂಟರಿನಲ್ಲಿ ಕೂತಿದ್ದರಂತೆ. ಗೀಟು ಹಿಡಿಯುವಾಗ ಅವರ ಕೈ ಒಂದಿಷ್ಟೂ ಅವಸರ ಮಾಡುವುದಿಲ್ಲ. ನಾನು ಬಾಗೇವಾಡಿಯವಳು, ಧಾರವಾಡದಲ್ಲಿ ಭೂಗರ್ಭಶಾಸ್ತ್ರ ಎಂ.ಎಸ್ಸಿ. ಮಾಡಿದವಳು. ಹಾಗಾಗಿ ಅಕ್ಕ ಗೀಟು ಹಿಡಿಯುವವರು, ನಾನು ತಪಾಸಣೆ ಮಾಡುವವಳು. ಪ್ರಮಾಣಪತ್ರ ನೋಡಿ ಹಾಕಿದ ಕುರ್ಚಿಗಳು ಅವು.

ಕೆಳಗಿನ ಅಂಗಡಿಯ ಮಾಲೀಕರಿಗೆ ನಮ್ಮ ಕೆಲಸ ಇವತ್ತಿಗೂ ತಿಳಿದಿಲ್ಲ. ಒಮ್ಮೆ ಅಕ್ಕನನ್ನು ತಡೆದು ಕೇಳಿದ್ದರು.

"ಅಕ್ಕಾರ, ಬಾವಿ ಲೆಕ್ಕಾ ಬರೀತೀರಂತ. ನಮ್ಮ ಹೊಲದಾಗ ಒಂದು ಬೋರ್ ಪಾಯಿಂಟ್ ತೋರಿಸ್ರಿ ಮತ್ತ."

"ನಾವು ಎಣ್ಣಿ ಬಾವಿ ಬರೆಯೋರು ಅದೇವ್ರಿ ಅಣ್ಣಾರ."

"ಎಣ್ಣಿ ಬಂದ್ರೂ ನಡೀತೈತ್ರಿ, ನಾ ಏನು ಬ್ಯಾಡ ಅನ್ನಂಗಿಲ್ಲ."

"ಬಂದ್ರ ಶೇಂಗಾ ಎಣ್ಣಿ ಬರಲಿ ತಗೋರ್ರಿ, ಒಗ್ಗರಣಿಗರ ಆದೀತು" ಎಂದು ಅಕ್ಕ ಮೆಟ್ಟಿಲು ಹತ್ತಿದ್ದರು.

ಊಟದ ನಂತರದ ಎರಡು ತಾಸು ತಪಾಸಣೆಗೆ. ಅದರ ಪದ್ಧತಿಯನ್ನು ಮಾಡಿದವರು ಸರ್. ಗೀಟು ಹಿಡಿದವರು ಟೂಲು ಬರೆದ ಅಂಕಿಗಳನ್ನು ಹತ್ತು ಮೀಟರಿಗೊಂದರಂತೆ ಗಟ್ಟಿಯಾಗಿ ಓದಬೇಕು. ತಪಾಸಣೆಯವರು ತಮ್ಮ ಪರದೆಯಲ್ಲಿ ಆ ಭಾಗದ ಚಿತ್ರ ತೆರೆದು, ಗೀಟು ಅಲ್ಲೇ ಇದೆಯೇ ಎಂದು ನೋಡಿ, ಹೂಂ ಎಂದು ಒಂದು ಕೀಲಿ ಒತ್ತಬೇಕು. ನಮ್ಮ ಕಡೆ ಮಕ್ಕಳಿಗೆ ಕಥೆ ಹೇಳುವಾಗ ಹೂಂ ಅನ್ನದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ಇದೂ ಹಾಗೆಯೇ; ಮೊದಲು ಆಳ, ಆಮೇಲೆ ಅಳತೆ. "ಸಾವಿರದ ಮುನ್ನೂರ ಹತ್ತು, ತೊಂಬತ್ತೆರಡು." "ಹೂಂ." "ಸಾವಿರದ ಮುನ್ನೂರ ಇಪ್ಪತ್ತು, ಎಂಬತ್ತೇಳು." "ಹೂಂ." ಊಟ ಮಾಡಿದ ಹೊಟ್ಟೆ, ಫ್ಯಾನಿನ ಸದ್ದು, ಅಕ್ಕನ ಒಂದೇ ಸಮನಾದ ದನಿ. ನಿದ್ದೆ ಬರಿಸಲು ಬೇರೆ ಏನೂ ಬೇಕಿರಲಿಲ್ಲ. "ಹೂಂ ಅಂದ್ರ ನೀವು ನೋಡೀರಿ ಅಂತ ನಾ ತಿಳ್ಕೊಂತೇನಿ" ಎಂದು ಸರ್ ಮೊದಲ ದಿನವೇ ಹೇಳಿದ್ದರು.

ಮಾರ್ಚ್ ಕೊನೆಗೆ ಕಂಪನಿಯಿಂದ ಪತ್ರ ಬಂತು. ಹದಿನಾಲ್ಕು ಬಾವಿಗಳ ಗಂಟಿನಲ್ಲಿ ಒಂದು ಬಾವಿ ಅಕ್ಕಪಕ್ಕದ ಬಾವಿಗಳೊಂದಿಗೆ ಹೊಂದುತ್ತಿಲ್ಲ. ಸುತ್ತ ಎಲ್ಲೂ ಇಲ್ಲದ ಮರಳುಗಲ್ಲು ಇದರಲ್ಲಿ ಮಾತ್ರ ಹನ್ನೆರಡು ಮೀಟರ್ ದಪ್ಪ ಇದೆ. ಎಣ್ಣೆ ಕೂತಿರುವುದು ಇಂಥ ಮರಳುಗಲ್ಲಿನಲ್ಲೇ ಆದ್ದರಿಂದ ಅವರ ತಂಡದಲ್ಲಿ ಒಂದಿಷ್ಟು ದಿನ ಉತ್ಸಾಹವೂ ಆಗಿತ್ತಂತೆ. ಆಮೇಲೆ ಯಾರೋ ಮೂಲ ಕಾಗದವನ್ನು ತರಿಸಿ ನೋಡಿದ್ದರು.

ತಪ್ಪು ಏನೆಂದು ಹೇಳುತ್ತೇನೆ. ನಾವು ಹಿಡಿಯುವ ಗೀಟುಗಳಲ್ಲಿ ಒಂದು ಕಲ್ಲಿನ ಸಹಜ ವಿಕಿರಣವನ್ನು ತೋರಿಸುತ್ತದೆ. ಜೇಡಿಗಲ್ಲು ಇದ್ದಲ್ಲಿ ಬಲಕ್ಕೆ ಸರಿಯುತ್ತದೆ, ಮರಳುಗಲ್ಲು ಇದ್ದಲ್ಲಿ ಎಡಕ್ಕೆ. ಕಾಗದದ ಅಗಲ ನೂರೈವತ್ತರವರೆಗೆ ಮಾತ್ರ ಸಾಲುತ್ತದೆ. ಅಳತೆ ಅದನ್ನೂ ದಾಟಿದರೆ ಗೀಟು ಬಲ ಅಂಚಿನಿಂದ ಹೊರಗೆ ಹೋಗಿ ಎಡ ಅಂಚಿನಿಂದ ಮತ್ತೆ ಒಳಗೆ ಬರುತ್ತದೆ. ನಾವು ಅದಕ್ಕೆ ಸುತ್ತು ಎನ್ನುತ್ತೇವೆ. ಸುತ್ತು ಬಂದಿದೆ ಎಂದು ನಾವೇ ಗುರುತು ಹಾಕಬೇಕು, ಟೂಲಿಗೆ ತಾನಾಗಿ ತಿಳಿಯುವುದಿಲ್ಲ. ಗುರುತು ಹಾಕದಿದ್ದರೆ ನೂರ ಅರವತ್ತು ಇದ್ದದ್ದು ಹತ್ತು ಎಂದು ದಾಖಲಾಗಿ, ಅಪ್ಪಟ ಜೇಡಿಗಲ್ಲು ಅಪ್ಪಟ ಮರಳಾಗಿಬಿಡುತ್ತದೆ. ಈ ಬಾವಿಯಲ್ಲಿ ಸುತ್ತು ಶುರುವಾದದ್ದು ಕಾಗದದ ಮಡಿಕೆಯ ಹತ್ತಿರ. ಮಡಿಕೆಯಲ್ಲಿ ಮಸಿ ಹಾರಿ ಗೀಟು ತುಂಡಾಗಿತ್ತು. ತುಂಡಾದ ಗೀಟು ಎಡಕ್ಕೆ ಹಾರಿದೆಯೋ, ಸುತ್ತು ಹಾಕಿ ಬಂದಿದೆಯೋ ಎಂದು ನೋಡಿದ ಕೂಡಲೇ ತಿಳಿಯುವಂತಿರಲಿಲ್ಲ.

ಸರ್ ನಮ್ಮಿಬ್ಬರನ್ನೂ ಕರೆದರು. ದೊಡ್ಡ ಪರದೆಯ ಮೇಲೆ ಆ ಭಾಗವನ್ನು ತೆರೆದಿಟ್ಟಿದ್ದರು.

ಅಕ್ಕ ನೋಡಿದ ತಕ್ಷಣ ಗುರುತಿಸಿದರು. "ಇದರ ನೆನಪೈತ್ರಿ ನನಗ. ಇಲ್ಲಿ ನನಗ ಸಂಶೆ ಬಂದಿತ್ತು. ಸುತ್ತು ಏನ್ರಿ, ಮಡಿಕಿ ಏನ್ರಿ ಅಂತ ಇವರನ್ನ ಕೇಳಿದ್ನಿ. ಮಡಿಕಿ, ಮುಂದ ನಡೀರಿ ಅಂದ್ರು."

"ಇಲ್ರಿ ಸರ್" ಎಂದೆ ನಾನು. "ಸುತ್ತು ಅಂತ ಹೇಳಿದ್ದೆ. ಗೀಟು ಅಂಚಿಗೆ ತಾಗಿದ್ದನ್ನ ನಾನೇ ನೋಡಿದ್ದೆ."

ನಾನು ಸುಳ್ಳು ಹೇಳುತ್ತಿರಲಿಲ್ಲ. ಹೇಳುವಾಗ ಆ ಮಧ್ಯಾಹ್ನ ನನ್ನ ಕಣ್ಣೆದುರು ಇತ್ತು: ಬೂದು ಕಾಗದ, ಮಡಿಕೆ, ಅಂಚಿನಲ್ಲಿ ಮಾಯವಾದ ಗೀಟು, ಹಸಿರು ಸೀರೆಯ ಅಕ್ಕ.

"ಖರೆ ಹೇಳ್ರಿ" ಎಂದರು ಅಕ್ಕ, ನನ್ನ ಕಡೆ ತಿರುಗಿ. ಗದರಿಸಿ ಅಲ್ಲ, ನಿಜವಾಗಿಯೂ ಕೇಳುವಂತೆ.

"ಖರೇನ ಹೇಳಾಕತ್ತೇನ್ರಿ ಅಕ್ಕಾರ."

ಸರ್ ಕಂಪನಿಯ ಪತ್ರವನ್ನು ಇನ್ನೊಮ್ಮೆ ನೋಡಿದರು. ಗೀಟು ಹಿಡಿದವರನ್ನು ಈ ಕೆಲಸದಿಂದ ತೆಗೆಯಬೇಕು, ಇಲ್ಲವಾದರೆ ಉಳಿದ ಬಾವಿಗಳನ್ನು ಕಳಿಸುವುದಿಲ್ಲ ಎಂದು ಕಂಪನಿ ಬರೆದಿತ್ತು. ಒಂದು ಕಡೆ ಎಂ.ಎಸ್ಸಿ., ಇನ್ನೊಂದು ಕಡೆ ಪಿಯುಸಿ. ಅವರು ಯಾರನ್ನು ನಂಬಿದರು ಎಂದು ಬಿಡಿಸಿ ಹೇಳಬೇಕಿಲ್ಲ. "ಸ್ವಲ್ಪ ದಿವಸ ಮನ್ಯಾಗ ಇರ್ರಿ" ಎಂದರು ಅಕ್ಕನಿಗೆ. ಅಕ್ಕ ಬುತ್ತಿಯ ಡಬ್ಬಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡರು, ಕುರ್ಚಿಯನ್ನು ಮೇಜಿನ ಕೆಳಗೆ ಸರಿಸಿದರು, ಹೊರಟರು. ಊಟದ ಹೊತ್ತು ಇನ್ನೂ ಆಗಿರಲಿಲ್ಲ. ಸ್ವಲ್ಪ ದಿವಸ ಎಂದರೆ ಏನೆಂದು ಮೂವರಿಗೂ ತಿಳಿದಿತ್ತು. ಹಿಪ್ಪರಗಿಯಲ್ಲಿ ಈ ಕೆಲಸ ಸಿಗುವುದಿಲ್ಲ. ಗೀಟು ಕೆಡಿಸಿ ಬಿಡಿಸಿಕೊಂಡವರು ಎಂಬ ಹೆಸರು ಹೊತ್ತವರನ್ನು ಬೇರೆ ಕಂಪ್ಯೂಟರ್ ಕೆಲಸಕ್ಕೂ ಯಾರು ಕರೆಯುತ್ತಾರೆ?

ಆ ಬಾವಿಯನ್ನು ಮತ್ತೆ ಹಿಡಿಯುವ ಕೆಲಸ ನನಗೆ ಬಂತು. ಮರುದಿನ ಬೆಳಿಗ್ಗೆ ತೆರೆದೆ. ಟೂಲು ಪ್ರತಿ ಬಾವಿಗೂ ಒಂದು ಚರಿತ್ರೆ ಬರೆದಿಡುತ್ತದೆ: ಯಾರು, ಯಾವಾಗ, ಯಾವ ಭಾಗ ತೆರೆದರು, ಎಲ್ಲಿ ಕೀಲಿ ಒತ್ತಿದರು. ನೋಡುವ ಅಧಿಕಾರ ತಪಾಸಣೆಯವರಿಗೆ ಮಾತ್ರ. ಅಲ್ಲಿಯವರೆಗೆ ನಾನು ಅದನ್ನು ಓದಿದ್ದೇ ಇಲ್ಲ ಎನ್ನಬೇಕು. ಅಂದು ಓದಿದ್ದು ನನ್ನ ಮಾತಿಗೆ ಆಧಾರ ಸಿಗಲಿ ಎಂದು. ಇದನ್ನು ಮುಚ್ಚಿಡಬಾರದು: ಅಕ್ಕನಿಗೆ ನ್ಯಾಯ ಸಿಗಲಿ ಎಂದು ಅಲ್ಲ.

ಅದರಲ್ಲಿ ಅಕ್ಕನ ಓಡಾಟವೆಲ್ಲ ಇತ್ತು. ಮಡಿಕೆಯ ಜಾಗವನ್ನು ಅವರು ಆರು ಸಲ ದೊಡ್ಡದು ಮಾಡಿ ನೋಡಿದ್ದರು. ಒಮ್ಮೆ ಸುತ್ತಿನ ಗುರುತು ಹಾಕಿ, ಹನ್ನೊಂದು ನಿಮಿಷದ ನಂತರ ತೆಗೆದಿದ್ದರು. ನನ್ನ ಹೆಸರಿನ ಕೆಳಗೆ ಆ ಮಧ್ಯಾಹ್ನದ ನಲವತ್ತು ಹೂಂಗಳಿದ್ದವು. ಎಲ್ಲದಕ್ಕೂ ಕೀಲಿ ಬಿದ್ದಿತ್ತು. ಆದರೆ ಆ ನಲವತ್ತರಲ್ಲಿ ಒಂದಕ್ಕೂ ನನ್ನ ಕಂಪ್ಯೂಟರಿನಲ್ಲಿ ಚಿತ್ರ ತೆರೆದಿರಲಿಲ್ಲ. ಆ ಭಾಗದ ಚಿತ್ರ ನನ್ನ ಹೆಸರಿನಲ್ಲಿ ಮೊಟ್ಟಮೊದಲು ತೆರೆದದ್ದು ಇದೀಗ, ಅಂದರೆ ಆ ಬೆಳಿಗ್ಗೆ.

ತುಂಬಾ ಹೊತ್ತು ನಾನು ಟೂಲನ್ನೇ ಅನುಮಾನಿಸಿದೆ. ಬೇರೆ ಬಾವಿಗಳ ಚರಿತ್ರೆ ತೆಗೆದು ನೋಡಿದೆ, ಅಲ್ಲೆಲ್ಲ ನಾನು ಚಿತ್ರ ತೆರೆದದ್ದು ಸರಿಯಾಗಿ ದಾಖಲಾಗಿತ್ತು. ಮನೆಗೆ ಹೋಗಿ ಡೈರಿ ತೆಗೆದೆ. ಆ ತಾರೀಖಿನ ಕೆಳಗೆ ನನ್ನದೇ ಅಕ್ಷರ: "ಏಳು ಬಾವಿ ಮುಗಿದವು. ಇಂಡಿ ಕಾಲೇಜಿನ ಅರ್ಜಿ ಕಳಿಸಿದೆ. ಸದ್ಯ, ಕೊನೆಯ ದಿನ ತಪ್ಪಲಿಲ್ಲ." ಅತಿಥಿ ಉಪನ್ಯಾಸಕರ ಹುದ್ದೆಗೆ ಹಾಕಿದ ಅರ್ಜಿ ಅದು. ಮಧ್ಯಾಹ್ನ ಅದನ್ನು ತುಂಬುತ್ತಿದ್ದೆ. ಅಂಕಪಟ್ಟಿಯ ಫೋಟೋ ಹೋಗದೆ ಸತಾಯಿಸುತ್ತಿತ್ತು. ಅಕ್ಕ ಓದುತ್ತಿದ್ದರು, ನಾನು ಹೂಂ ಅನ್ನುತ್ತಿದ್ದೆ.

ಹಾಗಾದರೆ ಆ ಬೂದು ಕಾಗದ? ಅಂಚಿನಲ್ಲಿ ಮಾಯವಾದ ಗೀಟು? ಅದನ್ನು ನಾನು ನೋಡಿದ್ದು ಸರ್ ಕರೆದ ದಿನ, ದೊಡ್ಡ ಪರದೆಯ ಮೇಲೆ. ಆ ಕ್ಷಣಕ್ಕೇ ಅದನ್ನು ಎತ್ತಿ ಜನವರಿಯೊಳಗೆ ಇಟ್ಟುಕೊಂಡಿದ್ದೆ. ಅಂದು ಬೆಳಿಗ್ಗೆ ಅಕ್ಕ ಉಟ್ಟಿದ್ದ ಹಸಿರು ಸೀರೆಯನ್ನೂ ಜೊತೆಗೇ ತೆಗೆದುಕೊಂಡು ಹೋಗಿರಬೇಕು. ಎರಡು ತಿಂಗಳು ನಂಬಿದ್ದೆ ಎಂದು ಮೊದಲು ಬರೆದೆನಲ್ಲ, ಅದೂ ಸರಿಯಿಲ್ಲ. ಆ ನೆನಪಿಗೆ ವಯಸ್ಸೇ ಆಗ ಒಂದು ದಿನ. ಎರಡು ತಿಂಗಳು ಹಳೆಯದು ಎಂಬ ಭಾವನೆ ಅದರೊಂದಿಗೇ ಬಂದಿತ್ತು. ಆ ಸಾಲನ್ನು ತಿದ್ದದೆ ಹಾಗೇ ಬಿಟ್ಟಿದ್ದೇನೆ.

ಅಕ್ಕನಿಗೆ ನಾನು ಮಡಿಕೆ ಎಂದಿದ್ದೆನೇ? ಟೂಲಿಗೆ ಕಿವಿಯಿಲ್ಲ, ಹೇಳಲಾರದು. ಅವರು ಗುರುತು ಹಾಕಿ, ಹನ್ನೊಂದು ನಿಮಿಷ ಬಿಟ್ಟು ತೆಗೆದದ್ದಕ್ಕೆ ಮಾತ್ರ ಬೇರೆ ಕಾರಣ ನನಗೆ ತೋಚುತ್ತಿಲ್ಲ.

ಇದನ್ನೆಲ್ಲ ತಿಳಿದ ಮೇಲೂ ನಾಲ್ಕು ದಿನ ಸುಮ್ಮನಿದ್ದೆ. ಮೊದಲ ದಿನ, ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳೋಣ ಎಂದುಕೊಂಡೆ. ಎರಡನೆಯ ದಿನ ಸರ್ ಊರಲ್ಲಿರಲಿಲ್ಲ. ಮೂರನೆಯ ದಿನ ಇದ್ದರು. ನಾಲ್ಕನೆಯ ದಿನದ ಡೈರಿಯಲ್ಲಿ "ಬಿಸಿಲು ಜಾಸ್ತಿ" ಎಂದಷ್ಟೇ ಇದೆ. ಚರಿತ್ರೆಯನ್ನು ನನ್ನ ಹೊರತು ಯಾರೂ ನೋಡುವುದಿಲ್ಲ ಎಂಬುದು ಆ ನಾಲ್ಕೂ ದಿನ ನನಗೆ ಗೊತ್ತಿತ್ತು.

ಐದನೆಯ ದಿನ ಬೆಳಿಗ್ಗೆ ಸರ್ ಮುಂದೆ ಅದನ್ನು ಮುದ್ರಿಸಿ ಇಟ್ಟೆ. ಅವರು ಕನ್ನಡಕ ಏರಿಸಿ ಸಾಲು ಸಾಲಾಗಿ ಓದಿದರು. ಬೈಯುತ್ತಾರೆ ಎಂದುಕೊಂಡಿದ್ದೆ.

"ಕಂಪನಿಗೆ ನಾ ಬರೀತೇನಿ" ಎಂದರು. "ಗೀಟು ಹಿಡಿದವರದ ತಪ್ಪಲ್ಲ, ತಪಾಸಣಿ ತಪ್ಪು ಅಂತ. ಇನ್ನ ನೀವು ಗೀಟು ಹಿಡೀರಿ, ತಪಾಸಣಿ ನಾ ಮಾಡ್ತೇನಿ. ನನಗೂ ತಪ್ಪೈತಿ, ಡಿಗ್ರಿ ನೋಡಿ ನಂಬಿಬಿಟ್ಟೆ." ಕಾಗದ ಮಡಚಿ, "ಅವರಿಗೆ ಫೋನ್ ಮಾಡಬ್ಯಾಡ್ರಿ. ಹೋಗಿ ಹೇಳಿ, ಕೆಲಸಕ್ಕ ಕರದು ಬರ್ರಿ."

ಹಿಪ್ಪರಗಿಯಲ್ಲಿ ಅಂದು ಸಂತೆ. ಬಸ್ ಸ್ಟ್ಯಾಂಡಿನಿಂದ ಜನರ ನಡುವೆ ದಾರಿ ಮಾಡಿಕೊಂಡು ಅಕ್ಕನ ಮನೆ ಹುಡುಕಿದೆ. ಪಡಸಾಲೆಯಲ್ಲಿ ಕೂತು ಅಕ್ಕ ಜೋಳ ಹಸನು ಮಾಡುತ್ತಿದ್ದರು. ಅವರ ಅತ್ತೆ ಬಾಗಿಲಲ್ಲೇ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಯಾರವಾ ಈಕಿ?"

"ನಮ್ಮ ಬಾವಿ ಆಫೀಸಿನವ್ರು ರೀ ಅತ್ತಿ."

"ಬಾವಿ? ನಮ್ಮಲ್ಲಿ ಬೋರ್ ಹೊಡಸೂ ಮಾತು ಯಾರು ತೆಗದಾರ?"

"ಯಾರೂ ತೆಗದಿಲ್ರಿ. ಒಳಗ ಚಾ ಐತಿ, ಕುಡೀರಿ ಹೋಗ್ರಿ."

ನಾನು ನಿಂತೇ ಹೇಳಿದೆ. ಚಿತ್ರ ತೆರೆಯದೆ ಹೂಂ ಅಂದದ್ದು, ಅರ್ಜಿ ತುಂಬುತ್ತಿದ್ದದ್ದು, ಟೂಲಿನಲ್ಲಿ ಸಿಕ್ಕಿದ್ದು, ನಾಲ್ಕು ದಿನ ಸುಮ್ಮನಿದ್ದದ್ದು. ಸರ್ ಬರಹೇಳಿದ್ದಾರೆ ಎಂದೆ. ಅಕ್ಕ ಮೊರದ ಮೇಲೆ ಕೈಯಾಡಿಸುವುದನ್ನು ನಿಲ್ಲಿಸಲಿಲ್ಲ.

"ಕೂಡ್ರಿ" ಎಂದರು ಕೊನೆಗೆ. ಕೂತೆ.

"ಟೂಲಿನ್ಯಾಗ ಇರದಿದ್ರ ಹೇಳ್ತಿದ್ರೇನು?"

"ಗೊತ್ತಿಲ್ರಿ" ಎಂದೆ. ಅದು ಸಾಲದು ಅನಿಸಿತು. "ಇಲ್ರಿ, ಹೇಳ್ತಿರಲಿಲ್ಲ. ನಾ ಹೇಳಿದ್ದ ಖರೆ ಅಂತ ತಿಳ್ಕೊಂಡಿದ್ದೆ."

"ಅದ ನೋಡ್ರಿ ನನಗ ಸಿಟ್ಟು." ಒಂದು ಕಲ್ಲು ಆರಿಸಿ ಪಕ್ಕಕ್ಕೆ ಒಗೆದರು. "ಸುಳ್ಳು ಹೇಳಿದ್ರ ಜಗಳಾ ತೆಗೀತಿದ್ನಿ. ಮುಖ ನೋಡಿದ್ರ ಗೊತ್ತಾಗ್ತೈತಿ ಸುಳ್ಳು. ನಿಮ್ಮ ಮುಖದಾಗ ಸುಳ್ಳು ಇರಲಿಲ್ಲ. ಮನಿಗೆ ಬಂದು ಕುಂತ ಮ್ಯಾಲ ನನಗ ನನ್ನ ಮ್ಯಾಲ ಅನುಮಾನ ಬಂತು. ಇವರು ಓದಿದವರು, ನಾನ ತಪ್ಪು ಕೇಳಿಸಿಕೊಂಡೆ ಏನೋ ಅಂತ. ನಿನ್ನೆ ನಮ್ಮ ಮನಿಯವರಿಗೆ ಹೇಳಿಬಿಟ್ಟೆ, ತಪ್ಪು ನಂದ ಇದ್ದೀತು ಅಂತ. ಇನ್ನ ಅವರಿಗೆ ಏನಂತ ಹೇಳಲಿ?"

ತಪ್ಪಾಯಿತು ಎಂಬ ಒಂದು ಮಾತಿಗೆ ಮುಗಿಯುವಂಥದ್ದಲ್ಲ ಅದು. ಆದರೂ ಹೇಳಿದೆ. ಅವರು ಹೂಂ ಎನ್ನಲಿಲ್ಲ, ಬಿಡ್ರಿ ಎನ್ನಲಿಲ್ಲ. ಅತ್ತೆ ಒಳಗಿನಿಂದ ನನಗೂ ಒಂದು ಬಟ್ಟಲು ಚಹಾ ತಂದಿಟ್ಟರು.

"ನಮ್ಮ ಮನಿಯವರು ಸಂತ್ಯಾಗ ಅದಾರ. ಬರೂತನಕಾ ಕೂಡ್ರಿ" ಎಂದರು ಅಕ್ಕ. "ಈಗ ನನಗ ಹೇಳಿದ್ದನ್ನ ಅವರಿಗೂ ಹೇಳಿ ಹೋಗ್ರಿ."

ಕೂತೆ. ಒಂದು ತಾಸಿನ ಮೇಲಾಯಿತೇನೋ. ಅವರು ಬಂದ ಮೇಲೆ ಇನ್ನೊಮ್ಮೆ ಹೇಳಿದೆ. ಎರಡನೆಯ ಸಲ ಹೇಳುವುದು ಮೊದಲಿಗಿಂತ ಕಷ್ಟವಾಗಿತ್ತು. ಮೊದಲ ಸಲ ಹೇಳಿ ಮುಗಿಸಿದಾಗ ಸಿಕ್ಕಿದ್ದ ಒಂದಿಷ್ಟು ಹಗುರವೂ ಆಗ ಉಳಿಯಲಿಲ್ಲ. ಅವರು ಚೀಲ ಕೆಳಗಿಟ್ಟು, ಪೂರ್ತಿ ಕೇಳಿ, ಹೆಂಡತಿಯ ಕಡೆ ನೋಡಿ, "ನಾ ಮೊದಲ ಹೇಳಿದ್ನಿಲ್ಲೋ ನಿನಗ, ತಪ್ಪು ನಿಂದಲ್ಲ ಅಂತ" ಎಂದಷ್ಟೇ ಅಂದರು.

ಅಕ್ಕ ಸೋಮವಾರ ಬಂದರು. ಬರುವಾಗ ಇನ್ನೂರು ಪುಟದ ನೋಟುಬುಕ್ಕು ತಂದಿದ್ದರು, ಗೀಟು ಹಾಕಿ ಮೂರು ಕಾಲಮ್ಮು ಮಾಡಿದ್ದರು: ಪ್ರಶ್ನೆ, ಉತ್ತರ, ಸಹಿ. ಇನ್ನು ಮೇಲೆ ಯಾರನ್ನು ಏನು ಕೇಳುವುದಿದ್ದರೂ ಇದರಲ್ಲಿ ಬರೆದೇ ಕೇಳುವುದು, ಉತ್ತರವನ್ನೂ ಬರೆದೇ ಪಡೆಯುವುದು ಎಂದು ಸರ್‌ಗೆ ಹೇಳಿದರು. ಸರ್ ಒಪ್ಪಿದರು. ಅಕ್ಕ ನನ್ನೊಂದಿಗೆ ಮಾತಾಡುವುದು ಮೊದಲಿನಷ್ಟು ಇರಲಿಲ್ಲ. ಊಟಕ್ಕೆ ಕೂತಾಗ ಗುರೆಳ್ಳು ಚಟ್ನಿಯ ಡಬ್ಬಿ ನನ್ನ ಕಡೆಗೂ ಬಂತು, ಆದರೆ ಅದು ಎಲ್ಲರ ಕಡೆಗೂ ಹೋಗುವ ಡಬ್ಬಿ. ಅದರಲ್ಲಿ ಹೆಚ್ಚಿನ ಅರ್ಥ ಹುಡುಕಬಾರದು ಎಂದುಕೊಂಡೆ.

ಮೂರು ಗಂಟೆಯ ಸುಮಾರಿಗೆ ನೋಟುಬುಕ್ಕು ನನ್ನ ಮೇಜಿಗೆ ಬಂತು. ಗೀಟು ಓದುವಾಗಿನ ಅನುಮಾನಗಳನ್ನು ಅಕ್ಕ ಈಗಲೂ ಮೊದಲು ನನ್ನನ್ನೇ ಕೇಳಬೇಕಿತ್ತು. ಮೊದಲ ಸಾಲಿನಲ್ಲಿ ಅಕ್ಕನ ದುಂಡನೆಯ ಅಕ್ಷರ: ಇಂಥ ಬಾವಿ, ಇಂಥ ಆಳ, ಇಲ್ಲಿ ಎರಡು ಗೀಟು ಒಂದರ ಮೇಲೊಂದು ಹೋಗಿವೆ, ಕೆಳಗೆ ಹೊರಬಂದ ಮೇಲೆ ಯಾವುದು ಯಾವುದು?

ಚಿತ್ರ ತೆರೆದೆ. ಮೇಲಿನಿಂದ ಬಂದೆ, ಕೆಳಗಿನಿಂದ ಬಂದೆ, ದೊಡ್ಡದು ಮಾಡಿ ನೋಡಿದೆ. ಎರಡೂ ಗೀಟು ಒಂದೇ ದಪ್ಪ, ಒಂದೇ ಕಪ್ಪು. ಮೊದಲಾಗಿದ್ದರೆ ಅರ್ಧ ನಿಮಿಷದಲ್ಲಿ ಒಂದನ್ನು ತೋರಿಸಿ ಮುಂದೆ ನಡೀರಿ ಎನ್ನುತ್ತಿದ್ದೆ. ಉತ್ತರದ ಕಾಲಮ್ಮಿನಲ್ಲಿ "ನೋಡಿದೆ. ನನಗೆ ತಿಳಿಯುತ್ತಿಲ್ಲ" ಎಂದು ಬರೆದು, ಪಕ್ಕದಲ್ಲಿ ಸಹಿ ಮಾಡಿ, ಅಕ್ಕನ ಮೇಜಿಗೆ ಒಯ್ದು ಕೊಟ್ಟೆ.